ಲೇಸ್ ಶಾಲು ತಪ್ಪಿತೇ? ಬಿಚ್ಚುವ ಮುಂಚೆ ಇಷ್ಟು ನೋಡಿ

ಲೆಕ್ಕ ತಪ್ಪಿದ ಕೂಡಲೇ ಕಡ್ಡಿ ಎಳೆದು ಬಿಚ್ಚುವುದು ಸ್ವೆಟರಿನ ಅಭ್ಯಾಸ. ಸ್ವೆಟರಿನಲ್ಲಿ ಬಿಚ್ಚಿದ ಸಾಲಿನ ಕುಣಿಕೆಗಳು ತಲೆ ಎತ್ತಿ ಕಾಯುತ್ತಾ ನಿಂತಿರುತ್ತವೆ. ಲೇಸಿನಲ್ಲಿ ಹಾಗಾಗುವುದಿಲ್ಲ. ಕಡ್ಡಿ ಹೊರಬಂದರೆ, ಕಣ್ಣು (ತೂತು) ಮೂಡಲೆಂದು ಕಡ್ಡಿಗೆ ನೂಲು ಸುತ್ತಿ ಮಾಡಿದ ಯಾರ್ನ್ ಓವರ್‌ಗಳೆಲ್ಲ ಬರೀ ನೂಲಾಗಿ ಮಾಯವಾಗುತ್ತವೆ. ಎರಡು ಸ್ಟಿಚ್ ಸೇರಿಸಿ ಹೆಣೆದ ಕಡೆ ಒಂದು ಕುಣಿಕೆ ಇನ್ನೊಂದರ ಬೆನ್ನ ಹಿಂದೆ ಅಡಗಿಬಿಡುತ್ತದೆ. 300 ಸ್ಟಿಚ್‌ಗಳ ಸಾಲಿನಲ್ಲಿ ಅವನ್ನು ಹುಡುಕಿ ಕಡ್ಡಿಗೆ ಏರಿಸುವ ಹೊತ್ತಿಗೆ ಹಳೆಯ ಒಂದು ತಪ್ಪಿನ ಜಾಗದಲ್ಲಿ ಹೊಸ ನಾಲ್ಕು ಸೇರಿರುತ್ತವೆ. ಲೇಸಿನ ಹೆಚ್ಚಿನ ತಪ್ಪುಗಳನ್ನು ಇದ್ದ ಜಾಗದಲ್ಲೇ ಸರಿಪಡಿಸಬಹುದು. ಮೊದಲು ತಪ್ಪು ಯಾವುದು, ಯಾವ ಸಾಲಿನದು ಎಂದು ಗೊತ್ತಾಗಬೇಕು, ಅಷ್ಟೇ.

ಗುರುತಿಸುವುದಕ್ಕೆ ಒಂದೇ ಸೂತ್ರ ಸಾಕು. ಹೆಚ್ಚಿನ ವಿನ್ಯಾಸಗಳಲ್ಲಿ ಒಂದು ಸಾಲಿನ ಯಾರ್ನ್ ಓವರ್‌ಗಳು ಎಷ್ಟೋ ಕಡಿತಗಳೂ (ಎರಡು ಸ್ಟಿಚ್ ಸೇರಿಸಿ ಒಂದು ಮಾಡುವುದು) ಅಷ್ಟೇ. ಶಾಲು ಅಗಲವಾಗುವುದು ಅಂಚಿನಲ್ಲಿ ಮತ್ತು ನಡುಬೆನ್ನಿನಲ್ಲಿ ಮಾತ್ರ. ಒಂದು ಸ್ಟಿಚ್ ಕಡಿಮೆ ಬಂದರೆ ಯಾರ್ನ್ ಓವರ್ ಬಿಟ್ಟುಹೋಗಿದೆ, ಇಲ್ಲವೇ ಸ್ಟಿಚ್ ಜಾರಿದೆ. ಒಂದು ಹೆಚ್ಚು ಬಂದರೆ ಕಡಿತ ಮರೆತಿದೆ. ಎಣಿಕೆ ಸರಿಯಿದ್ದೂ ವಿನ್ಯಾಸ ಕೂರುತ್ತಿಲ್ಲವೆಂದರೆ ಇಡೀ ಆವರ್ತನೆ (ಮತ್ತೆ ಮತ್ತೆ ಬರುವ ವಿನ್ಯಾಸದ ತುಂಡು) ಒಂದು ಸ್ಟಿಚ್ ಆಚೆಗೋ ಈಚೆಗೋ ಸರಿದಿರುತ್ತದೆ.

ಕತ್ತಿನಿಂದ ಕೆಳಗೆ ಹೆಣೆಯುವ ತ್ರಿಕೋನ ಶಾಲನ್ನೇ ತೆಗೆದುಕೊಳ್ಳಿ. ಎರಡು ಅಂಚಿಗೆ 3-3, ನಡುವೆ 1, ಅದರ ಆಚೀಚೆ 1-1, ಹೀಗೆ 9 ಸ್ಟಿಚ್‌ಗಳಿಂದ ಶುರು. ಮುಂಬದಿಯ ಪ್ರತಿ ಸಾಲಿಗೂ 4 ಹೆಚ್ಚುತ್ತದೆ. ಮುಂಬದಿಯ 20 ಸಾಲು ಮುಗಿದಾಗ ಕಡ್ಡಿಯ ಮೇಲೆ 89 ಇರಬೇಕು. ಅಂಚು ಮತ್ತು ನಡುವಿನದನ್ನು ಬಿಟ್ಟರೆ ಒಂದೊಂದು ಕಡೆಗೆ 41. ಎರಡು ಕಡೆಯನ್ನೂ ಬೇರೆಬೇರೆಯಾಗಿ ಎಣಿಸಿ. ಎಡಕ್ಕೆ 40, ಬಲಕ್ಕೆ 42 ಬಂದರೂ ಒಟ್ಟು ಸರಿಯಾಗಿಯೇ ಕಾಣುತ್ತದೆ, ಇದು ಬಹಳ ಜನರನ್ನು ಮೋಸಗೊಳಿಸುವ ಲೆಕ್ಕ. ಎಣಿಸುವುದು ಹಿಂಬದಿಯ ಪರ್ಲ್ (ಉಲ್ಟಾ ಹೆಣಿಗೆ) ಸಾಲಿನಲ್ಲಿ, ಗುರುತಿಗೆಂದು ಕಡ್ಡಿಗೆ ಹಾಕಿದ ಉಂಗುರ, ಅಂದರೆ ಪ್ರತಿ ಮಾರ್ಕರ್‌ನ ನಡುವೆ.

ಮಾರ್ಕರ್‌ನ್ನೂ ಪೂರ್ತಿ ನಂಬಬೇಡಿ. ಅದರ ಪಕ್ಕದಲ್ಲೇ ಯಾರ್ನ್ ಓವರ್ ಇದ್ದರೆ ಮಾರ್ಕರ್ ನೂಲಿನ ಅಡಿಯಿಂದ ನುಸುಳಿ ಆ ಕಡೆಗೆ ದಾಟಿಬಿಡುತ್ತದೆ. ಆಗ ಒಂದು ಮನೆಗೆ ಒಂದು ಹೆಚ್ಚು, ಪಕ್ಕದ ಮನೆಗೆ ಒಂದು ಕಡಿಮೆ. ಇಲ್ಲಿ ಹೆಣಿಗೆಯ ತಪ್ಪೇನೂ ಇಲ್ಲ, ಮಾರ್ಕರ್‌ನ್ನು ವಾಪಸ್ ಇಟ್ಟರೆ ಮುಗಿಯಿತು.

ಎಲ್ಲಕ್ಕಿಂತ ಅಗ್ಗದ ತಪ್ಪು ಬಿಟ್ಟುಹೋದ ಯಾರ್ನ್ ಓವರ್. ಪರ್ಲ್ ಸಾಲಿನಲ್ಲಿ ಆ ಜಾಗಕ್ಕೆ ಬಂದಾಗ ಎರಡು ಸ್ಟಿಚ್‌ಗಳ ನಡುವಿನ ಅಡ್ಡ ನೂಲು ಕಾಣುತ್ತದೆ. ಎಡಗಡ್ಡಿಯ ತುದಿಯಿಂದ ಅದನ್ನು ಮುಂದಿನಿಂದ ಹಿಂದಕ್ಕೆ ಎತ್ತಿ, ಮುಂದಿನ ಕಾಲಿನಲ್ಲೇ (ಕಡ್ಡಿಯ ಮುಂದಿರುವ ಎಳೆಯಲ್ಲಿ) ಪರ್ಲ್ ಮಾಡಿ. ಹಿಂದಿನ ಕಾಲಿನಲ್ಲಿ ಮಾಡಿದರೆ ನೂಲು ತಿರುಚಿಕೊಂಡು ಕಣ್ಣು ಮುಚ್ಚಿಹೋಗುತ್ತದೆ. ಲೇಸಿಗೆ ಬೇಕಾದದ್ದು ತೆರೆದ ಕಣ್ಣು. ಈ ಕಣ್ಣು ಉಳಿದವಕ್ಕಿಂತ ಸ್ವಲ್ಪ ಸಣ್ಣದಾಗಿರುತ್ತದೆ, ಏಕೆಂದರೆ ಅದಕ್ಕೆಂದು ಬೇರೆ ನೂಲು ಸಿಕ್ಕಿಲ್ಲ, ನೆರೆಯ ಸ್ಟಿಚ್‌ಗಳಿಂದ ಕಡ ತಂದದ್ದು. ಉಣ್ಣೆಯಾದರೆ ನೆನೆಸಿ ಪಿನ್ ಹಾಕಿದಾಗ ನೂಲು ಅಕ್ಕಪಕ್ಕಕ್ಕೆ ಹರಿದು ಸಮವಾಗುತ್ತದೆ. ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಮಾರುವ ಬಹುಪಾಲು ನೂಲು ಅಕ್ರಿಲಿಕ್. ಅದು ನೀರಿಗೆ ಜಗ್ಗುವುದಿಲ್ಲ. ಸಣ್ಣ ಕಣ್ಣು ಸಣ್ಣದಾಗಿಯೇ ಉಳಿಯುತ್ತದೆ. ಹಾಗಾಗಿ ಅಕ್ರಿಲಿಕ್‌ನಲ್ಲಿ ಈ ಉಪಾಯ ಮರುಸಾಲಿಗೆ ಮಾತ್ರ. ಉಣ್ಣೆಯಲ್ಲಿ ಮೂರು ನಾಲ್ಕು ಸಾಲು ಮೇಲೆ ಹೋಗಿದ್ದರೂ ಕ್ರೋಶಾ ಕಡ್ಡಿಯಿಂದ ಅಡ್ಡ ನೂಲನ್ನು ಎತ್ತಿ, ಮೇಲಿನ ಸಾಲುಗಳ ಅಡ್ಡ ನೂಲುಗಳನ್ನು ಒಂದೊಂದಾಗಿ ಎಳೆದು ಏರಿಸಬಹುದು. ಅದಕ್ಕೂ ಮೇಲಾದರೆ ಆ ಕಂಬ (ಒಂದರ ಮೇಲೊಂದು ಕೂತ ಸ್ಟಿಚ್‌ಗಳು) ಬಿಗಿದು ಎಳೆದುಕೊಂಡಿರುತ್ತದೆ.

ಕಡಿತ ಮರೆತದ್ದೂ ದೊಡ್ಡ ತಲೆನೋವಲ್ಲ. ಮರುಸಾಲಿನಲ್ಲೇ ಕಂಡರೆ ಆ ಎರಡನ್ನು ಸೇರಿಸಿ ಪರ್ಲ್ ಮಾಡಿ. ಮುಂಬದಿಯಿಂದ ನೋಡಿದರೆ ಅದು ಬಲಕ್ಕೇ ಒರಗಿರುತ್ತದೆ, ಎರಡು ಸೇರಿಸಿ ನಿಟ್ (ಸೀದಾ ಹೆಣಿಗೆ) ಮಾಡಿದ ಹಾಗೆಯೇ. ಒಂದು ಸಾಲು ಮೇಲಕ್ಕೆ ಬಂದದ್ದು ಯಾರ ಕಣ್ಣಿಗೂ ಬೀಳದು.

ಒರಗು ತಪ್ಪಿದ್ದರೆ, ಅಂದರೆ ಎಡಕ್ಕೆ ಒರಗಬೇಕಾದ, ಎರಡು ಸ್ಟಿಚ್ ತಿರುಗಿಸಿಟ್ಟು ಒಟ್ಟಿಗೆ ನಿಟ್ ಮಾಡುವ ಎಸ್‌ಎಸ್‌ಕೆ ಜಾಗದಲ್ಲಿ ಬಲಕ್ಕೆ ಒರಗಿದ ಕಡಿತ ಬಿದ್ದಿದ್ದರೆ, ಆ ಒಂದು ಸ್ಟಿಚ್‌ನ್ನು ಮಾತ್ರ ಕಡ್ಡಿಯಿಂದ ಕೆಡವಿ ತಪ್ಪಿದ ಸಾಲಿನವರೆಗೆ ಏಣಿಯಂತೆ ಇಳಿಸಿ. ಅಲ್ಲಿ ಎರಡು ಕುಣಿಕೆ ಬಿಡಿಯಾಗಿ ನಿಲ್ಲುತ್ತವೆ. ಕ್ರೋಶಾ ಕಡ್ಡಿ ಮೊದಲು ಹೊಕ್ಕ ಕುಣಿಕೆಯೇ ಮುಂದೆ ಕಾಣುವುದು. ಬಲಕ್ಕೆ ಒರಗಲು ಎಡದ ಕುಣಿಕೆ ಮೊದಲು, ಆಮೇಲೆ ಬಲದ್ದು. ಎಸ್‌ಎಸ್‌ಕೆ ಆಗಲು ಬಲದ್ದು ಮೊದಲು. ಎರಡರೊಳಗಿಂದಲೂ ಅಡ್ಡ ನೂಲನ್ನು ಎಳೆದು ಮೇಲಕ್ಕೆ ಹತ್ತಿ. ಮೂರನ್ನು ಒಂದು ಮಾಡುವ ನಡುಗಡಿತದಲ್ಲಿ ಮಧ್ಯದ ಕುಣಿಕೆ ಮೊದಲು, ನಂತರ ಬಲ, ಕೊನೆಗೆ ಎಡ. ಅದರ ನಡುವಿನ ಗೆರೆ ನೇರವಾಗಿ ಉಬ್ಬಿ ಕಾಣುವುದು ಈ ಕ್ರಮದಿಂದಲೇ. ಕಡ್ಡಿಗೆ ವಾಪಸ್ ಇಡುವಾಗ ಬಲಗಾಲು ಮುಂದಿರಲಿ.

ಜಾರಿದ ಸ್ಟಿಚ್ ಕಂಡ ತಕ್ಷಣ ಸೇಫ್ಟಿ ಪಿನ್ ಸಿಕ್ಕಿಸಿ, ಯೋಚನೆ ಆಮೇಲೆ. ಲೇಸಿನಲ್ಲಿ ಜಾರುವಿಕೆಗೂ ಒಂದು ನಿಯಮವಿದೆ: ಯಾರ್ನ್ ಓವರ್‌ನಿಂದ ಹುಟ್ಟಿದ ಕಂಬ ಆ ಕಣ್ಣಿನವರೆಗೆ ಇಳಿದು ಅಲ್ಲಿಗೆ ನಿಲ್ಲುತ್ತದೆ; ಕಡಿತಕ್ಕೆ ಬಂದರೆ ಎರಡು ಕಂಬಗಳಾಗಿ ಒಡೆದು ಇಳಿಯುತ್ತದೆ. ಒರಟು ಉಣ್ಣೆ ಒಂದನ್ನೊಂದು ಹಿಡಿದುಕೊಂಡಿರುವುದರಿಂದ ನಿಧಾನ. ರೇಷ್ಮೆ ಮತ್ತು ಬಿದಿರಿನ ನೂಲು ಕಣ್ಣು ಮಿಟುಕಿಸುವುದರಲ್ಲಿ ಹತ್ತು ಸಾಲು ಇಳಿದಿರುತ್ತದೆ.

ಇಷ್ಟೂ ಒಂದೆರಡು ಸ್ಟಿಚ್‌ಗಳ ಮಾತು. ಇಡೀ ಒಂದು ಆವರ್ತನೆಯೇ ಸರಿದುಹೋಗಿದ್ದರೆ ಆ ತುಂಡನ್ನು ಮಾತ್ರ ಇಳಿಸಿ ಮತ್ತೆ ಹೆಣೆಯಬೇಕು. ಇದಕ್ಕೆ ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಓಲ್ಡ್ ಶೇಲ್ ವಿನ್ಯಾಸ ಒಳ್ಳೆಯ ಪಾಠ. 18 ಸ್ಟಿಚ್‌ಗಳು, 4 ಸಾಲುಗಳ ಅಲೆ. ಮೊದಲ ಸಾಲು ನಿಟ್, ಎರಡನೆಯದು ಪರ್ಲ್, ಮೂರನೆಯದರಲ್ಲಿ ಎರಡೆರಡು ಸೇರಿಸಿ 3 ಸಲ, ‘ಯಾರ್ನ್ ಓವರ್, ಒಂದು ನಿಟ್’ 6 ಸಲ, ಮತ್ತೆ ಎರಡೆರಡು ಸೇರಿಸಿ 3 ಸಲ. ನಾಲ್ಕನೆಯದು ಹಿಂಬದಿಯಿಂದ ನಿಟ್. ಕಡಿತ 6, ಯಾರ್ನ್ ಓವರ್ 6, ಪ್ರತಿ ಸಾಲಿನ ಕೊನೆಗೂ 18ಕ್ಕೆ 18. ಆವರ್ತನೆಯ ಗಡಿ ದಾಟುವ ಕಡಿತ ಒಂದೂ ಇಲ್ಲ. ಹಾಗಾಗಿ ಇದರ ಒಂದು ತುಂಡು ಬೇಲಿ ಹಾಕಿದ ಗದ್ದೆಯಂತೆ, ಪಕ್ಕದವರಿಗೆ ತೊಂದರೆಯಿಲ್ಲದೆ ಇಳಿಸಬಹುದು. ಗಡಿಯ ಮೇಲೆಯೇ ಕಡಿತವಿರುವ ಎಲೆ, ವಜ್ರದಂಥ ವಿನ್ಯಾಸಗಳಲ್ಲಿ ಈ ಸಾಹಸ ಬೇಡ.

ಆ 18ರ ಎರಡೂ ಬದಿಯ ಸ್ಟಿಚ್‌ಗಳು ಜಾರದಂತೆ ಕಡ್ಡಿಯ ತುದಿಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿ. 18ನ್ನು ಕೆಡವಿ ತಪ್ಪಿದ ಸಾಲಿಗಿಂತ ಒಂದು ಸಾಲು ಕೆಳಗಿನವರೆಗೆ ಇಳಿಸಿ, ಅಲ್ಲಿನ ಕುಣಿಕೆಗಳನ್ನು ಎರಡು ಬದಿಗೂ ಮೊನೆಯಿರುವ ಗಿಡ್ಡ ಕಡ್ಡಿಗೆ ಏರಿಸಿ. 8 ಸಾಲು ಇಳಿಸಿದರೆ 8 ಉದ್ದ ನೂಲುಗಳು ಜೋತಾಡುತ್ತವೆ. ಅವನ್ನು ಕ್ರಮವಾಗಿ ದಿಂಬಿಗೆ ಪಿನ್ ಮಾಡಿ; ಎಲ್ಲಕ್ಕೂ ಕೆಳಗಿನದು ಮೊದಲು. ಇಲ್ಲಿ ಶಾಲನ್ನು ತಿರುಗಿಸುವುದೇ ಇಲ್ಲ. ಪ್ರತಿ ಸಾಲನ್ನೂ ಮುಂಬದಿಯಿಂದಲೇ, ಬಲದಿಂದ ಎಡಕ್ಕೆ, ಆ ಸಾಲಿನ ನೂಲಿನಿಂದಲೇ ಹೆಣೆದು, ಸ್ಟಿಚ್‌ಗಳನ್ನು ಕಡ್ಡಿಯ ಆ ತುದಿಯಿಂದ ಈ ತುದಿಗೆ ಜಾರಿಸಿಕೊಳ್ಳುವುದು. ಆದ್ದರಿಂದ ಎರಡನೇ ಸಾಲು ಈಗ ನಿಟ್ ಆಗುತ್ತದೆ, ನಾಲ್ಕನೆಯದು ಪರ್ಲ್.

ಕೈಕೊಡುವುದು ಒಂದೇ ಕಡೆ. ಮೊದಲ ಐದಾರು ಸ್ಟಿಚ್‌ಗಳನ್ನು ಸಡಿಲವಾಗಿ ಹೆಣೆದರೆ ಎಡಕ್ಕೆ ಬರುವಷ್ಟರಲ್ಲಿ ನೂಲು ಸಾಲದು. ಮೂಲ ಕಡ್ಡಿ 4 ಮಿ.ಮೀ. ಇದ್ದರೆ ಈ ಕೆಲಸಕ್ಕೆ 3 ಅಥವಾ 3.25 ಹಿಡಿಯಿರಿ. ಸಾಲು ಮುಗಿದ ಮೇಲೆ ಉಳಿದ ಸಡಿಲವನ್ನು ಕಡ್ಡಿಯ ಮೊನೆಯಿಂದ ಒಂದೊಂದೇ ಸ್ಟಿಚ್‌ಗೆ ಹಂಚಿ.

ಇಷ್ಟೆಲ್ಲ ಬೇಡವೆಂದರೆ ಲೈಫ್‌ಲೈನ್ ಹಾಕಿಕೊಂಡೇ ಹೆಣೆಯಿರಿ. ಮೊಂಡು ಸೂಜಿಯಲ್ಲಿ ನುಣುಪಾದ ದಾರ ಪೋಣಿಸಿ ಕಡ್ಡಿಯ ಮೇಲಿರುವ ಪ್ರತಿ ಸ್ಟಿಚ್‌ನೊಳಗೂ ದಾಟಿಸುವುದು; ಮುಂದೆ ಬಿಚ್ಚಬೇಕಾದರೆ ಹೆಣಿಗೆ ಆ ದಾರದಲ್ಲೇ ನಿಲ್ಲುತ್ತದೆ. ಹಾಕುವುದು ಪರ್ಲ್ ಸಾಲು ಮುಗಿದ ಮೇಲೆ, ಎಣಿಕೆ ಸರಿಯೆಂದು ಖಾತ್ರಿಯಾದ ಮೇಲೆ; ತಪ್ಪಿದ ಸಾಲಿಗೆ ಲೈಫ್‌ಲೈನ್ ಹಾಕಿ ಏನು ಫಲ? ದಾರ ಮಾರ್ಕರ್‌ಗಳ ಒಳಗೆ ಹೋಗಬಾರದು, ಹೋದರೆ ಅವು ಅಲ್ಲೇ ಸೆರೆ. ಕ್ರೋಶಾ ಹತ್ತಿ ದಾರ ಚೆನ್ನ, ಡೆಂಟಲ್ ಫ್ಲಾಸ್ ಇನ್ನೂ ಚೆನ್ನ. ಕೆಂಪು ಹತ್ತಿ ದಾರ ಬೇಡ, ಒದ್ದೆಯಾದರೆ ಬಿಳಿ ಶಾಲಿಗೆ ಬಣ್ಣ ಬಿಟ್ಟೀತು. ಉಣ್ಣೆ ದಾರವೂ ಬೇಡ, ಅದು ಶಾಲಿಗೇ ಅಂಟಿಕೊಳ್ಳುತ್ತದೆ. ತುದಿ ಬದಲಿಸುವ ಕಡ್ಡಿಗಳಾದರೆ ತುದಿ ಬಿಗಿಮಾಡುವ ಪುಟ್ಟ ತೂತಿನಲ್ಲಿ ಫ್ಲಾಸ್ ಕಟ್ಟಿ ಒಂದು ಸಾಲು ಹೆಣೆದರೆ ಲೈಫ್‌ಲೈನ್ ತಾನೇ ಹಾದುಹೋಗುತ್ತದೆ. ಹಾಗೆ ಹೆಣೆಯುವುದೂ ಪರ್ಲ್ ಸಾಲನ್ನೇ. ಸಾಲಿನ ಸಂಖ್ಯೆ ಬರೆದ ಚೀಟಿಯನ್ನು ದಾರದ ತುದಿಗೆ ಕಟ್ಟಿ.

ಲೈಫ್‌ಲೈನ್ ಹಾಕಿಲ್ಲ, ಬಿಚ್ಚಲೇಬೇಕು ಎಂದಾದರೆ ಮೊದಲು 2 ಮಿ.ಮೀ. ಕಡ್ಡಿಯೊಂದನ್ನು ಕೆಳಗಿನ ಪರ್ಲ್ ಸಾಲಿನ ಪ್ರತಿ ಸ್ಟಿಚ್‌ನ ಬಲಗಾಲಿನೊಳಗೆ ತೂರಿಸಿ. ಬಣ್ಣಕ್ಕೆ ವಿರುದ್ಧವಾದ ದಿಂಬಿನ ಕವರ್ ಅಡಿಗೆ ಹಾಸಿದರೆ ಕಾಲುಗಳು ಸ್ಪಷ್ಟವಾಗಿ ಕಾಣುತ್ತವೆ. ಆಮೇಲೆ ಧೈರ್ಯವಾಗಿ ಎಳೆಯಿರಿ. ಆದರೆ ಮೊಹೇರ್ (ಅಂಗೋರಾ ಆಡಿನ ಕೂದಲಿನ ನೂಲು) ಹಾಗಲ್ಲ, ಅದರಲ್ಲಿ ಕೂದಲಿಗೆ ಕೂದಲು ಸಿಕ್ಕಿಕೊಂಡಿರುತ್ತದೆ. ಎಳೆದಲ್ಲಿ ನೂಲು ತುಂಡಾಗುತ್ತದೆ, ಸಿಕ್ಕನ್ನು ಒಂದೊಂದಾಗಿ ಕತ್ತರಿ ಮೊನೆಯಿಂದ ಬಿಡಿಸಬೇಕು.

ಎಸ್ಟೋನಿಯಾದ ಹಾಪ್ಸಾಲು ಶಾಲುಗಳಲ್ಲಿ ‘ನುಪ್’ ಎಂಬ ಗುಂಡುಗಳಿರುತ್ತವೆ, ಒಂದೇ ಸ್ಟಿಚ್‌ನಲ್ಲಿ 5 ಅಥವಾ 7 ಕುಣಿಕೆ ಎಬ್ಬಿಸಿ ಮರುಸಾಲಿನಲ್ಲಿ ಒಟ್ಟಿಗೆ ಪರ್ಲ್ ಮಾಡಿದವು. ಒಂದು ಕುಣಿಕೆ ತಪ್ಪಿಸಿಕೊಂಡರೆ ಹಿಂಬದಿಗೆ ಎಳೆದು ಅದೇ ನೂಲಿನ ತುಂಡಿನಿಂದ ಹೊಲಿದುಬಿಡಿ. ಅದಕ್ಕಾಗಿ ಇಳಿಸುವುದು ದಂಡ.

ಎಲ್ಲ ಮುಗಿದು, 20-30 ನಿಮಿಷ ನೆನೆಸಿ, ಪಿನ್ ಹಾಕಿ ಎಳೆದು ಹರಡಿದ ಮೇಲೆ ಜಾರಿದ ಕುಣಿಕೆಯೊಂದು ಇಣುಕುವುದುಂಟು. ಪಿನ್ ಕೀಳಬೇಡಿ. ಕುಣಿಕೆಗೆ ಸೇಫ್ಟಿ ಪಿನ್ ಸಿಕ್ಕಿಸಿ ಪೂರ್ತಿ ಒಣಗಲು ಬಿಡಿ. ನಂತರ 15 ಸೆಂ.ಮೀ. ನೂಲನ್ನು ಸೂಜಿಗೆ ಪೋಣಿಸಿ, ಕುಣಿಕೆಯೊಳಗಿಂದ ಹಾಯಿಸಿ, ಹಿಂಬದಿಯಲ್ಲಿ ನೆರೆಯ ಸ್ಟಿಚ್‌ನ ದಾರಿಯನ್ನೇ ಹಿಡಿದು ನಾಲ್ಕೈದು ಸಲ ಓಡಿಸಿ. ಗಂಟು ಹಾಕಬೇಡಿ, ಲೇಸಿನಲ್ಲಿ ಗಂಟು ಮುಂಬದಿಗೆ ಬಂದೇ ಬರುತ್ತದೆ. ಅಷ್ಟು ಜಾಗಕ್ಕೆ ಮಾತ್ರ ನೀರು ಚಿಮುಕಿಸಿ, ಎರಡು ಪಿನ್ ಹಾಕಿ, ಒಣಗಿದ ಮೇಲೆ ತುದಿ ಕತ್ತರಿಸಿ.