ಏನಾಗಬೇಕು?

ಇವತ್ತು ಗೆಳತಿಯೊಬ್ಬಳ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಅವಳ ಸಂಗಾತಿಗೆ ಆಪರೇಷನ್. ಇಬ್ಬರೂ ಹೆಂಗಸರು. ಒಂದೇ ಮನೆಯಲ್ಲಿ 11 ವರ್ಷ.

ಕೌಂಟರಿನಲ್ಲಿ ಫಾರಂ ಕೊಟ್ಟು ಕೇಳಿದರು, "ಪೇಷೆಂಟಿಗೆ ನೀವು ಏನಾಗಬೇಕು?"

ಅವಳು ಪೆನ್ನು ಹಿಡಿದು ಸುಮ್ನೆ ನಿಂತಳು. ಆಮೇಲೆ 'ಫ್ರೆಂಡ್' ಅಂತ ಬರೆದಳು.

"ಫ್ರೆಂಡ್ ಸೈನ್ ಆಗಲ್ಲ ಮೇಡಂ. ಮನೆಯವರು ಯಾರೂ ಬಂದಿಲ್ವಾ?"

ಮನೆಯವರು. ಎಷ್ಟು ಒಳ್ಳೆಯ ಪದ ಅಲ್ವಾ? ನಮ್ಮಮ್ಮ ಇವತ್ತಿಗೂ ಅಪ್ಪನ ಹೆಸರು ಹೇಳಲ್ಲ, 'ನಮ್ಮನೆಯವರು' ಅಂತಾಳೆ. ಇವರಿಬ್ಬರ ಮನೆಯ ಬಾಡಿಗೆ, ಗ್ಯಾಸು, ಜ್ವರ ಬಂದ ರಾತ್ರಿಯ ಗಂಜಿ ಎಲ್ಲಾ ನೋಡಿಕೊಂಡಿದ್ದು ನನ್ನ ಗೆಳತಿಯೇ. ಆದರೆ ಸೈನ್ ಹಾಕಲು ಹಾಸನದಿಂದ ಸಂಗಾತಿಯ ಅಣ್ಣ ಬರಬೇಕಾಯಿತು. ಆತ ತಂಗಿಯ ಜೊತೆ ಮಾತು ಬಿಟ್ಟು ಆರು ವರ್ಷ.

ಕಾಯುವಾಗ 2023ರ ಅಕ್ಟೋಬರ್ 17 ನೆನಪಾಯಿತು. ಸಲಿಂಗ ಜೋಡಿಗಳು ಮದುವೆಯ ಹಕ್ಕು ಕೇಳಿದಾಗ, ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಸಂಸತ್ತಿನ ಕೆಲಸ ಅಂತ ಸುಪ್ರೀಂ ಕೋರ್ಟ್ ಹೇಳಿದ ದಿನ. ಅವತ್ತು ಇಬ್ಬರೂ ನಮ್ಮನೆಯಲ್ಲೇ ಟಿವಿ ನೋಡಿದ್ದರು. ಸಂಜೆಯಿಡೀ ಸಂಸ್ಕೃತಿಯ ಚರ್ಚೆ. ಈ ಫಾರಂ ಬಗ್ಗೆ ಯಾರೂ ಮಾತಾಡಲಿಲ್ಲ. 2024ರಲ್ಲಿ ಇಂಥ ಜೋಡಿಗಳ ಜಂಟಿ ಬ್ಯಾಂಕ್ ಖಾತೆಗೆ ಅಡ್ಡಿಯಿಲ್ಲ ಅಂತ ಹಣಕಾಸು ಇಲಾಖೆ ಹೇಳಿತು. ಅದು ಖುಷಿಯೇ. ತೈವಾನಿನಲ್ಲಿ 2019ರಲ್ಲೇ ಇಂಥ ಮದುವೆಗೆ ಕಾನೂನು ಬಂತು, ಥಾಯ್ಲೆಂಡಿನಲ್ಲಿ 2025ರ ಜನವರಿಯಿಂದ. ನಾವು ಇನ್ನೂ ಎಷ್ಟು ದಿನ ಕಾಯಬೇಕು?

ಮಧ್ಯಾಹ್ನ ನರ್ಸ್ ಬಾಗಿಲು ತೆರೆದು, "ಮನೆಯವರು ಯಾರು?" ಅಂದರು.

ಅಣ್ಣ ಕೂತೇ ಇದ್ದ. ಇವಳು ಎದ್ದು ಓಡಿದಳು.