ಕಿರು ವಿಡಿಯೊ ಆ್ಯಪ್: ಕನ್ನಡ ಶೀರ್ಷಿಕೆ ಕೂರಿಸುವ ಹಂತ

ಮಂಡ್ಯದ ಸುತ್ತಲಿನ ಕಬ್ಬು ಬೆಳೆಗಾರರು ಮತ್ತು ಆಲೆಮನೆಯವರು ತಮ್ಮ ಕೆಲಸವನ್ನು ಅರ್ಧ ನಿಮಿಷದ ವಿಡಿಯೊದಲ್ಲಿ ಹಿಡಿದು, ಅದರ ಮೇಲೆ ಕನ್ನಡದಲ್ಲಿ ನಾಲ್ಕು ಮಾತು ಬರೆದು, ತಮ್ಮತಮ್ಮೊಳಗೆ ಹಂಚಿಕೊಳ್ಳಲೆಂದು ಬಿಡುವಿನ ವೇಳೆಯಲ್ಲಿ ನಾನು ಕಟ್ಟುತ್ತಿರುವ ಆಂಡ್ರಾಯ್ಡ್ ಆ್ಯಪ್ ಈಗ ಚಿತ್ರೀಕರಣದ ಹಂತ ದಾಟಿ ಬರಹದ ಹಂತಕ್ಕೆ ಬಂದಿದೆ. ಹೆಸರಿನ್ನೂ ಇಟ್ಟಿಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿದ ಬಳಿಕ ರೀಲ್ಸ್, ಶಾರ್ಟ್ಸ್, ಮೋಜ್ ಮುಂತಾದವು ಆ ಜಾಗವನ್ನು ತುಂಬಿವೆ. ಅವುಗಳೊಡನೆ ಪೈಪೋಟಿಗಿಳಿಯುವ ಹುಚ್ಚು ನನಗಿಲ್ಲ. ಕೊಪ್ಪರಿಗೆಯ ಪಾಕವನ್ನು ಯಾವ ಹದಕ್ಕೆ ಇಳಿಸಬೇಕೆಂದು ಒಬ್ಬರು ತೋರಿಸಿದರೆ ಅದು ಇನ್ನೊಂದು ಆಲೆಮನೆಗೆ ತಲುಪಬೇಕು, ಅಷ್ಟೇ.

ಚಿತ್ರೀಕರಣಕ್ಕೆ ಕ್ಯಾಮೆರಾಎಕ್ಸ್, ತುಣುಕುಗಳ ಜೋಡಣೆಗೆ ಮೀಡಿಯಾ3 ಟ್ರಾನ್ಸ್‌ಫಾರ್ಮರ್ ಎಂಬ ಆಂಡ್ರಾಯ್ಡ್‌ನ ಸಿದ್ಧ ಸಾಧನಗಳನ್ನು ಬಳಸಿದ್ದೇನೆ. ಎರಡೂ ಹೇಳಿದ ಮಾತು ಕೇಳುತ್ತವೆ.

ಹೆಚ್ಚಿನ ಸಮಯ ಹಿಡಿದದ್ದು ಅಕ್ಷರ. ಮೊದಲ ಪ್ರಯೋಗವನ್ನು ಕಂಪ್ಯೂಟರಿನಲ್ಲಿದ್ದ ಹಳೆಯ ಎಫ್ಎಫ್ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಮಾಡಿ ನೋಡಿದಾಗ ‘ಶ್ರೀರಂಗಪಟ್ಟಣ’ ಎಂಬ ಶೀರ್ಷಿಕೆಯಲ್ಲಿ ಶಕಾರ ಒಂದು ಕಡೆ, ರಕಾರ ಇನ್ನೊಂದು ಕಡೆ ನಿಂತು, ಟಕಾರದ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ಉಳಿಯಿತು. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಮಾನಕವು ಕನ್ನಡದ ವ್ಯಂಜನ, ಹಲಂತ (್ ಚಿಹ್ನೆ) ಮತ್ತು ಸ್ವರಚಿಹ್ನೆಗಳನ್ನು ಬಿಡಿಬಿಡಿಯಾಗಿ ಸಾಲಾಗಿ ಇಡುತ್ತದೆ. ಅವನ್ನು ಗುಣಿತಾಕ್ಷರ, ಒತ್ತಕ್ಷರಗಳಾಗಿ ಕೂಡಿಸಿ ತೋರಿಸುವುದು ಹಾರ್ಫ್‌ಬಜ್‌ನಂತಹ ತಂತ್ರಾಂಶದ ಕೆಲಸ. ಆ ಜೋಡಣೆ ಇಲ್ಲದ ಕಡೆ ಎಷ್ಟು ಚೆಂದದ ಫಾಂಟ್ ಕೊಟ್ಟರೂ ಪ್ರಯೋಜನವಿಲ್ಲ. ಆಂಡ್ರಾಯ್ಡ್‌ನ ಸ್ವಂತ ಪಠ್ಯ ವ್ಯವಸ್ಥೆಯಲ್ಲಿ ಇದು ಸರಿಯಾಗಿರುವುದರಿಂದ, ಶೀರ್ಷಿಕೆಯನ್ನು ಮೊದಲು ಕ್ಯಾನ್ವಾಸ್ ಎಂಬ ಅದರ ಚಿತ್ರಪಟದ ಮೇಲೆ ಚಿತ್ರವಾಗಿ ಬರೆಸಿಕೊಂಡು, ಆ ಚಿತ್ರವನ್ನು ವಿಡಿಯೊದ ಮೇಲೆ ಹೊದಿಸುವ ದಾರಿ ಹಿಡಿದೆ.

ಅಷ್ಟಕ್ಕೆ ಮುಗಿಯಲಿಲ್ಲ. ಅಕ್ಷರಗಳು ಒಂದೊಂದಾಗಿ ಮೂಡಿಬರುವ ಬೆರಳಚ್ಚಿನ ಶೈಲಿ ಬೇಕೆಂದು ನೋಡಿದವರೆಲ್ಲ ಕೇಳಿದರು. ‘ಸಕ್ಕರೆ ಕಾರ್ಖಾನೆ’ ಎಂದು ಬರೆಸಿದೆ. ‘ಕಾ’ ಆದ ಮೇಲೆ ಪೂರ್ಣ ರಕಾರ ಬಂತು, ಅದಕ್ಕೆ ಹಲಂತ ಸೇರಿತು, ಖಕಾರ ಬಂದ ಕೂಡಲೇ ಆ ರಕಾರ ಮಾಯವಾಗಿ ಅರ್ಕಾವೊತ್ತಾಗಿ ಖಕಾರದ ಬಲಕ್ಕೆ ಹಾರಿತು. ಸಂಗ್ರಹದಲ್ಲಿ ಮೊದಲಿರುವ ರಕಾರ ಬರಹದಲ್ಲಿ ಕೊನೆಗೆ ಕಾಣುವುದರಿಂದ ಇದು ಆಗಲೇಬೇಕಾದದ್ದು. ಹಲಂತದ ನಂತರ ವ್ಯಂಜನವಿದ್ದರೆ ಅಲ್ಲಿ ತುಂಡರಿಸದೆ, ಇಡೀ ಅಕ್ಷರಗುಂಪನ್ನು ಒಟ್ಟಿಗೆ ಮೂಡಿಸಬೇಕೆಂಬ ನಿಯಮವನ್ನು ನಾನೇ ಬರೆದು ಸೇರಿಸಿದ್ದೇನೆ; ಈಗ ‘ರ್ಖಾ’ ಒಂದೇ ಏಟಿಗೆ ಬರುತ್ತದೆ. ಸಾಲುಗಳ ಅಂತರವನ್ನೂ ಹೆಚ್ಚಿಸಬೇಕಾಯಿತು, ಏಕೆಂದರೆ ‘ರಾಷ್ಟ್ರೀಯ ಹೆದ್ದಾರಿ’ಯಂತಹ ಪದಗಳಲ್ಲಿ ಎರಡು ಒತ್ತುಗಳು ಕೆಳಗಿಳಿದು ಹಿನ್ನೆಲೆಯ ಪಟ್ಟಿಯಿಂದ ಹೊರಗೆ ಕತ್ತರಿಸಿ ಹೋಗುತ್ತಿದ್ದವು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ ಪೆಟ್ಟಿಗೆಯಲ್ಲಿ ಕನ್ನಡ ಮುದುರಿ ಕೂರಬೇಕೆನ್ನುವುದು ನನಗೆ ಒಪ್ಪಿಗೆಯಿಲ್ಲ.

ಎರಡನೆಯ ತೊಡಕು ಆಲೆಮನೆಯ ಹಬೆಯದು. ವಿಡಿಯೊ ಸಂಕೋಚನವು ಹಿಂದಿನ ಚೌಕಟ್ಟಿನಲ್ಲಿದ್ದದ್ದನ್ನೇ ಮುಂದಿನದಕ್ಕೂ ಬಳಸಿಕೊಂಡು ಗಾತ್ರವನ್ನು ಉಳಿಸುತ್ತದೆ. ಗೋಡೆ, ಗಾಣ, ಸಾಲಾಗಿ ಜೋಡಿಸಿದ ಕುರಿಕಾಲು ಅಚ್ಚು ಬೆಲ್ಲ ಇವೆಲ್ಲ ಅದಕ್ಕೆ ಸುಲಭ. ಕುದಿಯುವ ರಸದ ನೊರೆ ಮತ್ತು ಮೇಲೇಳುವ ಹಬೆ ಮಾತ್ರ ಯಾವ ಕ್ಷಣವೂ ಹಿಂದಿನ ಕ್ಷಣದಂತಿರುವುದಿಲ್ಲ. ಹೀಗಾಗಿ ಬಿಟ್‌ರೇಟ್, ಅಂದರೆ ಪ್ರತಿ ಸೆಕೆಂಡಿನ ವಿಡಿಯೊಗೆ ಕೊಡುವ ದತ್ತಾಂಶ, ಕಡಿಮೆಯಿದ್ದಾಗ ಕೊಪ್ಪರಿಗೆಯ ಭಾಗವೇ ಚೌಕಚೌಕವಾಗಿ ಒಡೆಯುತ್ತದೆ, ತೋರಿಸಬೇಕಾದದ್ದೂ ಅದೇ ಭಾಗ. 1080×1920 ಅಳತೆಯಲ್ಲಿ ಸೆಕೆಂಡಿಗೆ 8 ಮೆಗಾಬಿಟ್ (ಅಂದರೆ 1 ಎಂಬಿ) ಕೊಟ್ಟರೆ 30 ಸೆಕೆಂಡಿಗೆ 30 ಎಂಬಿ ಆಗುತ್ತದೆ. ನಾಲೆಯ ಆಚೆ ಸಿಗ್ನಲ್ ಕುಂಟುವ ಊರುಗಳಿಗೆ ಇದು ಹೊರೆ. 720×1280ಕ್ಕೆ ಇಳಿಸಿ 4 ಮೆಗಾಬಿಟ್ ಕೊಟ್ಟಾಗ ಗಾತ್ರ 15 ಎಂಬಿಗೆ ಬಂತು, ನೊರೆಯೂ ನೊರೆಯಂತೆಯೇ ಕಂಡಿತು. ದೊಡ್ಡ ಅಳತೆಗಿಂತ ಚಿಕ್ಕ ಅಳತೆಗೆ ಧಾರಾಳ ಬಿಟ್‌ರೇಟ್ ಕೊಡುವುದೇ ಇಲ್ಲಿಗೆ ಸರಿ.

ಯಾವ ಭಾಗ ಎಲ್ಲಿದೆಯೆಂದು ಹೇಳುವ ಎಂಪಿ4 ವಿಡಿಯೊ ಕಡತದ ಸೂಚಿಯನ್ನು ಕೊನೆಯಿಂದ ಮೊದಲಿಗೆ ಸರಿಸಿದ್ದರಿಂದ, ಪೂರ್ತಿ ಇಳಿಯುವ ಮುನ್ನವೇ ವಿಡಿಯೊ ಓಡಲು ಶುರುವಾಗುತ್ತದೆ.

ಮುಂದಿನ ಸರದಿ ಧ್ವನಿಯದು. ಗಾಣ ತಿರುಗುವಾಗ ಪಕ್ಕದಲ್ಲಿ ನಿಂತವರ ಮಾತೇ ಕೇಳುವುದಿಲ್ಲ. ಸದ್ದು ಸೋಸುವ ಸಾಧನಗಳನ್ನು ಹಚ್ಚಿದರೆ ಮಾತಿನ ಅಂಚೂ ಸವೆಯುತ್ತದೆ. ಚಿತ್ರ ತೆಗೆದ ಮೇಲೆ ಶಾಂತವಾದ ಜಾಗದಲ್ಲಿ ಕುಳಿತು ವಿವರಣೆಯನ್ನು ಬೇರೆಯಾಗಿ ಧ್ವನಿಮುದ್ರಿಸಿ, ಗಾಣದ ಸದ್ದನ್ನು ಹಿನ್ನೆಲೆಯಲ್ಲಿ ತಗ್ಗಿಸಿ ಉಳಿಸಿಕೊಳ್ಳುವ ಗುಂಡಿಯೊಂದನ್ನು ಈಗ ಬರೆಯುತ್ತಿದ್ದೇನೆ.