ಫೈಲ್‌ಗಳು ಓಪನ್ ಆಗ್ತಿಲ್ವಾ? ಫಾರ್ಮ್ಯಾಟ್ ಹೊಡೆಸುವ ಮೊದಲು ಇದನ್ನು ಓದಿ

ಫೋಟೋ ಸ್ಟುಡಿಯೊ ಇಟ್ಟುಕೊಂಡವರು, ಡಿಟಿಪಿ ಅಂಗಡಿಯವರು, ಮನೆಯ ಕಂಪ್ಯೂಟರಲ್ಲಿ ಮಕ್ಕಳ ಫೋಟೋಗಳನ್ನೆಲ್ಲ ತುಂಬಿಟ್ಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಸಿಸ್ಟಮ್ ರಿಪೇರಿ ಮಾಡುವವನು. ನನಗೆ ಬರುವ ಫೋನ್‌ಗಳಲ್ಲಿ ತುಂಬಾ ಸಂಕಟ ಆಗೋದು ಇದಕ್ಕೆ: "ಅಣ್ಣಾ, ಫೋಟೋ ಯಾವುದೂ ಓಪನ್ ಆಗ್ತಿಲ್ಲ, ಎಲ್ಲದರ ಹೆಸರಿನ ಕೊನೆಗೂ ಏನೋ ನಾಲ್ಕು ಇಂಗ್ಲಿಷ್ ಅಕ್ಷರ ಸೇರ್ಕೊಂಡಿದೆ." ಇಷ್ಟು ಕೇಳಿದ ಕೂಡಲೇ ನಾನು ಕೇಳುವುದು, "ಇವತ್ತು ಯಾವ ಸಾಫ್ಟ್‌ವೇರ್‌ನ ಕ್ರ್ಯಾಕ್ ಹಾಕಿದ್ರಿ?" ಕ್ರ್ಯಾಕ್ ಅಂದರೆ ದುಡ್ಡು ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರನ್ನು ಕಳ್ಳದಾರಿಯಲ್ಲಿ ಓಡಿಸುವ ಫೈಲ್. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲ್ಲ.

ಇದು ರಾನ್ಸಮ್‌ವೇರ್, ಅಂದರೆ ಫೈಲ್‌ಗಳಿಗೆ ಬೀಗ ಹಾಕಿ, ತೆಗೆಯೋಕೆ ದುಡ್ಡು ಕೇಳುವ ವೈರಸ್. ಆ ಹೆಸರು ಕೇಳಿದರೆ ನಮಗೆ ನೆನಪಾಗೋದು ದೊಡ್ಡ ಸುದ್ದಿಗಳು. 2017ರ ಮೇ 12ರಂದು ಶುರುವಾದ ವಾನಾಕ್ರೈ ಬ್ರಿಟನ್ನಿನ ಆಸ್ಪತ್ರೆಗಳನ್ನೇ ನಿಲ್ಲಿಸಿಬಿಟ್ಟಿತು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಕೂತುಬಿಟ್ಟವು, ರೋಗಿಗಳ ಚೀಟಿಗಳನ್ನೆಲ್ಲ ಕೈಯಲ್ಲೇ ಬರೆಯಬೇಕಾಯಿತು. ಇದನ್ನೆಲ್ಲ ಓದಿ, ಇದು ದೊಡ್ಡವರಿಗೆ ಬರುವ ಕಾಯಿಲೆ, ನಮ್ಮ ಅಂಗಡಿಯ ಒಂದು ಡೆಸ್ಕ್‌ಟಾಪ್‌ಗೆ ಯಾರು ಕಣ್ಣು ಹಾಕ್ತಾರೆ ಅಂತ ಜನ ಸುಮ್ನೆ ಇರ್ತಾರೆ. ಆದರೆ ನಮ್ಮಂಥವರಿಗಾಗಿಯೇ ಮಾಡಿದ್ದು ಒಂದಿದೆ. ಅದರ ಹೆಸರು ಸ್ಟಾಪ್ ಡಿಜೆವಿಯು. 2018ರಿಂದ ಓಡಾಡುತ್ತಿದೆ. ಇಂಡೋನೇಷ್ಯಾ, ಭಾರತದಂಥ ದೇಶಗಳಲ್ಲಿ ಸಾಮಾನ್ಯ ಜನರನ್ನು ಜಾಸ್ತಿ ಹಾಳು ಮಾಡಿದ್ದು ಇದೇ. ಇದು ಪೇಪರಲ್ಲಿ ಬರಲ್ಲ. ಬಂದರೂ ಯಾವ ಹೆಡ್ಡಿಂಗ್ ಹಾಕ್ತಾರೆ, ಒಂದು ಸ್ಟುಡಿಯೊದವರ ಆರು ವರ್ಷದ ಮದುವೆ ಫೋಟೋ ಹೋಯ್ತು ಅಂತಾನಾ?

ಇದು ಒಳಗೆ ಬರುವ ದಾರಿ ತುಂಬಾ ಸರಳ. ಫೋಟೋಶಾಪ್, ಕೋರೆಲ್‌ಡ್ರಾ, ವಿಂಡೋಸ್ ಆಕ್ಟಿವೇಟರ್, ಯಾವುದೋ ಗೇಮ್. ಗೂಗಲ್‌ನಲ್ಲಿ "ಫ್ರೀ ಕ್ರ್ಯಾಕ್" ಅಂತ ಹುಡುಕುತ್ತೀರಿ, ನಾಲ್ಕೈದು ಪುಟ ದಾಟಿದ ಮೇಲೆ ಒಂದು ಝಿಪ್ ಫೈಲ್ ಇಳಿಯುತ್ತದೆ. ಅದಕ್ಕೊಂದು ಪಾಸ್‌ವರ್ಡ್ ಇರುತ್ತದೆ, 1234 ಅಂತಲೋ ಏನೋ, ಅದನ್ನೂ ಆ ಪುಟದಲ್ಲೇ ಬರೆದಿರುತ್ತಾರೆ. ಎಲ್ಲರಿಗೂ ಕಾಣುವ ಹಾಗೆ ಬರೆದ ಮೇಲೆ ಪಾಸ್‌ವರ್ಡ್ ಯಾಕೆ ಅಂತ ಯಾವತ್ತಾದರೂ ಯೋಚನೆ ಮಾಡಿದ್ದೀರಾ? ಬ್ರೌಸರ್ ಆಗಲಿ, ಆಂಟಿವೈರಸ್ ಆಗಲಿ ಆ ಝಿಪ್‌ನ ಒಳಗೆ ಇಣುಕಿ ನೋಡಬಾರದು, ಅಷ್ಟಕ್ಕೇ. ಆಮೇಲೆ ಬರುತ್ತದೆ ಮುಖ್ಯವಾದ ಸೂಚನೆ: ಮೊದಲು ಆಂಟಿವೈರಸ್ ಆಫ್ ಮಾಡಿ, ಆಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ರನ್ ಮಾಡಿ. ಕ್ರ್ಯಾಕ್ ಹಾಕಿ ಅಭ್ಯಾಸ ಇದ್ದವರಿಗೆ ಇದು ಹೊಸದೇನಲ್ಲ, ನಿಜವಾದ ಕ್ರ್ಯಾಕ್‌ಗಳಲ್ಲೂ ಹಾಗೇ ಬರೆದಿರುತ್ತಾರೆ, ಹಾಗಾಗಿ ಯಾರಿಗೂ ಅನುಮಾನವೇ ಬರುವುದಿಲ್ಲ. ವಾನಾಕ್ರೈ ವಿಂಡೋಸ್‌ನ ಒಂದು ತೂತು ಹುಡುಕಿಕೊಂಡು ತಾನಾಗಿ ನುಗ್ಗಿತ್ತು. ಇದಕ್ಕೆ ಬಾಗಿಲನ್ನು ನಾವೇ ತೆಗೆದುಕೊಡುತ್ತೇವೆ.

ಯಾರನ್ನೂ ಬೈಯಲು ಇದನ್ನು ಬರೆಯುತ್ತಿಲ್ಲ. ಸಣ್ಣ ಊರಿನ ಡಿಟಿಪಿ ಅಂಗಡಿಯವರಿಗೆ ತಿಂಗಳು ತಿಂಗಳು ಸಾಫ್ಟ್‌ವೇರ್ ಬಾಡಿಗೆ ಕಟ್ಟೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೆ ದುಡ್ಡಿಲ್ಲದೆ ಸಿಗುವ ಒಳ್ಳೆಯ ಸಾಫ್ಟ್‌ವೇರ್‌ಗಳೂ ಇವೆ. ಇಂಕ್‌ಸ್ಕೇಪ್, ಗಿಂಪ್, ಲಿಬ್ರೆಆಫೀಸ್ ಪೂರ್ತಿ ಉಚಿತ. ವಿಡಿಯೊ ಎಡಿಟಿಂಗ್‌ಗೆ ಡವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಮದುವೆ ಕೆಲಸಕ್ಕೆ ಸಾಕು. ಕಲಿಯಲು ಸ್ವಲ್ಪ ದಿನ ಬೇಕು, ನಿಜ. ಕಲಿಯಿರಿ.

ಈಗ ಒಳಗೆ ಏನು ನಡೆಯುತ್ತದೆ ನೋಡಿ. ನೀವು ಆ ಸೆಟಪ್ ಒತ್ತಿದ ಮೇಲೆ ಅದು ತನ್ನ ಒಂದು ಪ್ರತಿಯನ್ನು ನಿಮ್ಮ ಯೂಸರ್ ಫೋಲ್ಡರಿನ ಆಪ್‌ಡೇಟಾ ಒಳಗೆ, ಬಾಯಿಗೆ ಬಾರದ ಉದ್ದ ಹೆಸರಿನ ಫೋಲ್ಡರಲ್ಲಿ ಬಚ್ಚಿಡುತ್ತದೆ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಿನಲ್ಲಿ ಒಂದು ಕೆಲಸ ಸೇರಿಸುತ್ತದೆ, ಐದು ನಿಮಿಷಕ್ಕೊಮ್ಮೆ ತನ್ನನ್ನು ಮತ್ತೆ ಎಬ್ಬಿಸು ಅಂತ. ಈ ಐದು ನಿಮಿಷದ ವಿಷಯ ನೆನಪಿಟ್ಟುಕೊಳ್ಳಿ. ಯಾವ ದೇಶದ ಕಂಪ್ಯೂಟರ್ ಅಂತಲೂ ನೋಡುತ್ತದೆ. ರಷ್ಯಾ, ಬೆಲಾರುಸ್, ಕಝಾಕಿಸ್ತಾನದಂಥ ಕಡೆಯದ್ದಾದರೆ ಏನೂ ಮಾಡದೆ ಹೊರಟುಹೋಗುತ್ತದೆ. ನಮ್ಮ ದೇಶಕ್ಕೆ ಆ ರಿಯಾಯಿತಿ ಇಲ್ಲ. ಇದರ ಕೆಲವು ಆವೃತ್ತಿಗಳು ವಿಂಡೋಸ್ ಅಪ್‌ಡೇಟ್ ನಡೆಯುತ್ತಿದೆ ಅನ್ನೋ ನಕಲಿ ಕಿಟಕಿ ತೋರಿಸುತ್ತವೆ. ಹಾರ್ಡ್‌ಡಿಸ್ಕ್ ಒಂದೇ ಸಮ ಓಡುತ್ತಾ ಇದೆ, ಅಪ್‌ಡೇಟ್ ಇರಬೇಕು ಅಂದುಕೊಂಡು ನೀವು ಟೀ ಕುಡಿಯೋಕೆ ಹೋಗುತ್ತೀರಿ, ಅಷ್ಟರಲ್ಲಿ ಡಿ ಡ್ರೈವ್ ಮುಗಿದಿರುತ್ತದೆ.

ವಿಂಡೋಸ್ ಇದನ್ನು ಯಾಕೆ ತಡೆಯಲ್ಲ ಅಂತ ತುಂಬಾ ಜನ ಕೇಳುತ್ತಾರೆ. ನಿಮ್ಮ ಫೈಲನ್ನು ತೆಗೆದು ಬದಲಾಯಿಸಿ ಸೇವ್ ಮಾಡುವ ಅಧಿಕಾರ ನಿಮಗಿದೆ, ಅಲ್ವಾ? ನೀವು ಓಡಿಸಿದ ಪ್ರೋಗ್ರಾಮ್‌ಗೂ ಅದೇ ಅಧಿಕಾರ ಇರುತ್ತದೆ. ಫೋಟೋಶಾಪ್ ಒಂದು ಫೈಲ್ ತೆಗೆದು ಸೇವ್ ಮಾಡೋದಕ್ಕೂ ಇದು ಸಾವಿರ ಫೈಲ್ ತೆಗೆದು ಸೇವ್ ಮಾಡೋದಕ್ಕೂ ವಿಂಡೋಸ್ ಕಣ್ಣಿಗೆ ಅಂಥ ವ್ಯತ್ಯಾಸ ಏನಿಲ್ಲ. ವಿಂಡೋಸ್ 10 ಮತ್ತು 11ರ ಸೆಕ್ಯೂರಿಟಿಯಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಅಂತ ಒಂದು ಸೌಲಭ್ಯ ಇದೆ, ಗೊತ್ತಿಲ್ಲದ ಪ್ರೋಗ್ರಾಮ್‌ಗಳು ನಿಮ್ಮ ಫೋಲ್ಡರ್‌ಗಳನ್ನು ಮುಟ್ಟದ ಹಾಗೆ ತಡೆಯುತ್ತದೆ. ಸಾಮಾನ್ಯವಾಗಿ ಅದು ಆಫ್ ಆಗಿರುತ್ತದೆ, ಇವತ್ತೇ ಆನ್ ಮಾಡಿಕೊಳ್ಳಿ. ಸಿ ಡ್ರೈವ್‌ನಲ್ಲಿರುವ ವಿಂಡೋಸ್ ಫೋಲ್ಡರನ್ನು ಈ ಕಳ್ಳರು ಬೇಕಂತಲೇ ಮುಟ್ಟುವುದಿಲ್ಲ. ಕಂಪ್ಯೂಟರ್ ನಡೆಯುತ್ತಿದ್ದರೆ ತಾನೇ ನೀವು ಅವರ ಪತ್ರ ಓದೋದು, ದುಡ್ಡು ಕಳಿಸೋದು.

ಆ ಪತ್ರ ಪ್ರತಿ ಫೋಲ್ಡರಿನಲ್ಲೂ ರೀಡ್‌ಮಿ ಅನ್ನೋ ಟೆಕ್ಸ್ಟ್ ಫೈಲ್ ಆಗಿ ಕೂತಿರುತ್ತದೆ. ವರ್ಷಗಟ್ಟಲೆ ಅದರಲ್ಲಿದ್ದದ್ದು ಒಂದೇ ರೇಟು: 980 ಡಾಲರ್, 72 ಗಂಟೆಯೊಳಗೆ ಮಾತಾಡಿದರೆ ಅರ್ಧ, 490 ಡಾಲರ್.

ಬೀಗದ ವಿಷಯಕ್ಕೆ ಬರೋಣ, ಯಾಕಂದರೆ ಫೈಲ್ ವಾಪಸ್ ಬರುತ್ತದೋ ಇಲ್ಲವೋ ಅನ್ನೋದು ಇಲ್ಲೇ ತೀರ್ಮಾನ ಆಗೋದು. ಪ್ರತಿ ಫೈಲಿಗೂ ಒಂದು ಹೊಸ ಕೀಲಿ ಹುಟ್ಟಿಸಿ ಅದರಿಂದ ಫೈಲನ್ನು ಕಲಸಿಬಿಡುತ್ತದೆ. ಆ ಕೀಲಿಯನ್ನು ಇನ್ನೊಂದು ದೊಡ್ಡ ಬೀಗದೊಳಗೆ ಹಾಕಿ ಅದೇ ಫೈಲಿನ ಬಾಲಕ್ಕೆ ಅಂಟಿಸುತ್ತದೆ. ಆ ದೊಡ್ಡ ಬೀಗ ಆರ್‌ಎಸ್‌ಎ, ದೇವಸ್ಥಾನದ ಹುಂಡಿಯ ಹಾಗೆ: ಯಾರು ಬೇಕಾದರೂ ಒಳಗೆ ಹಾಕಬಹುದು, ತೆಗೆಯೋಕೆ ಮಾತ್ರ ಕೀಲಿ ಕೈ ಇದ್ದವರೇ ಬೇಕು. ಆ ಕೀಲಿ ಕೈ ನಿಮ್ಮ ಕಂಪ್ಯೂಟರಿಗೆ ಬರುವುದೇ ಇಲ್ಲ, ಕಳ್ಳರ ಹತ್ತಿರವೇ ಇರುತ್ತದೆ. ಹಾಗಾಗಿ ಕಂಪ್ಯೂಟರನ್ನು ಎಷ್ಟು ಜಾಲಾಡಿದರೂ ಅದು ಸಿಗಲ್ಲ. ಯಾವ ಆಂಟಿವೈರಸ್ ಹಾಕಿ ಸ್ಕ್ಯಾನ್ ಮಾಡಿದರೂ ವೈರಸ್ ಹೋಗುತ್ತದೆ, ಬೀಗ ಹಾಗೇ ಉಳಿಯುತ್ತದೆ.

ಆದರೆ ಎರಡು ಸಂದು ಇವೆ.

ಮೊದಲನೆಯದು ಇಂಟರ್ನೆಟ್. ಈ ವೈರಸ್ ಶುರುವಾದ ಕೂಡಲೇ ತನ್ನ ಸರ್ವರಿಗೆ ಫೋನ್ ಹಚ್ಚಿ ನಿಮಗಾಗಿಯೇ ಒಂದು ಬೀಗ ತರಿಸಿಕೊಳ್ಳುತ್ತದೆ. ಅದಕ್ಕೆ ಆನ್‌ಲೈನ್ ಕೀ ಅನ್ನುತ್ತಾರೆ. ಆ ಹೊತ್ತಿಗೆ ನೆಟ್ ಇಲ್ಲದಿದ್ದರೆ, ಅಥವಾ ಅವರ ಸರ್ವರ್ ಮಲಗಿದ್ದರೆ, ತನ್ನೊಳಗೇ ಇಟ್ಟುಕೊಂಡು ಬಂದ ಬೀಗ ಹಾಕುತ್ತದೆ. ಅದು ಆಫ್‌ಲೈನ್ ಕೀ. ಒಂದು ಆವೃತ್ತಿಯಲ್ಲಿ ಆಫ್‌ಲೈನ್ ಆಗಿ ಸಿಕ್ಕಿಕೊಂಡವರೆಲ್ಲರಿಗೂ ಬೀಗ ಒಂದೇ, ಹಾಗಾಗಿ ಯಾರೋ ಒಬ್ಬರ ಕೀಲಿ ಹೊರಗೆ ಬಂದರೆ ಎಲ್ಲರದ್ದೂ ತೆರೆಯುತ್ತದೆ. ನಿಮ್ಮದು ಯಾವುದು ಅಂತ ತಿಳಿಯಲು ಸಿ ಡ್ರೈವ್‌ನಲ್ಲಿ ಸಿಸ್ಟಮ್‌ಐಡಿ ಅನ್ನೋ ಫೋಲ್ಡರ್ ನೋಡಿ. ಅಲ್ಲಿರುವ ಪರ್ಸನಲ್ ಐಡಿ 'ಟಿ1' ಅಂತ ಮುಗಿದರೆ ಅದು ಆಫ್‌ಲೈನ್. ಒಂದೇ ಕಂಪ್ಯೂಟರಲ್ಲಿ ಎರಡೂ ಥರದ ಐಡಿ ಇರಬಹುದು, ಆಗ ಕೆಲವು ಫೈಲ್ ಬರುತ್ತವೆ, ಕೆಲವು ಬರಲ್ಲ. 2019ರ ಅಕ್ಟೋಬರಿನಲ್ಲಿ ಎಮ್ಸಿಸಾಫ್ಟ್ ಎಂಬ ಆಂಟಿವೈರಸ್ ಕಂಪನಿ ಮತ್ತು ರಾನ್ಸಮ್‌ವೇರ್ ಬೀಗ ಬಿಡಿಸುವ ಸಂಶೋಧಕ ಮೈಕೆಲ್ ಗಿಲೆಸ್ಪಿ ಸೇರಿ ಇದಕ್ಕೊಂದು ಉಚಿತ ಡಿಕ್ರಿಪ್ಟರ್, ಅಂದರೆ ಬೀಗ ತೆಗೆಯುವ ಟೂಲ್, ಹೊರಗೆ ತಂದರು. ಅದು 148 ಹಳೆಯ ಆವೃತ್ತಿಗಳ ಬೀಗ ತೆಗೆಯಬಲ್ಲದು. ಒಂದು ರೂಪಾಯಿ ಕೇಳದೆ ಇಂಥ ಕೆಲಸ ಮಾಡುವವರ ಮೇಲೆ ನನಗೆ ತುಂಬಾ ಗೌರವ ಇದೆ.

ಎರಡನೆಯ ಸಂದು ವೈರಸ್‌ನ ಅವಸರ. ಬೇಗ ಮುಗಿಸಬೇಕಲ್ಲ, ಅದಕ್ಕೆ ಪ್ರತಿ ಫೈಲಿನ ಮೊದಲ ಸುಮಾರು 150 ಕೆಬಿ ಮಾತ್ರ ಕಲಸುತ್ತದೆ, ಉಳಿದದ್ದನ್ನು ಮುಟ್ಟುವುದಿಲ್ಲ. ನುಡಿಯಲ್ಲಿ ಟೈಪ್ ಮಾಡಿದ ಎರಡು ಪುಟದ ವರ್ಡ್ ಫೈಲ್ ಪೂರ್ತಿ ಹೋಗುತ್ತದೆ, ಯಾಕಂದರೆ ಅದು ಇರೋದೇ ಅಷ್ಟು. ಆದರೆ ಮದುವೆಯ 4 ಜಿಬಿ ವಿಡಿಯೊದಲ್ಲಿ 150 ಕೆಬಿ ಏನೂ ಅಲ್ಲ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ, ಚೆನ್ನಾಗಿರುವ ಇನ್ನೊಂದು ವಿಡಿಯೊ ಕೊಟ್ಟರೆ, ಮೀಡಿಯಾ ರಿಪೇರ್ ಎಂಬ ಉಚಿತ ಟೂಲ್ ತುಂಬಾ ಸಲ ಇಂಥ ವಿಡಿಯೊಗಳನ್ನು ಎಬ್ಬಿಸಿಕೊಡುತ್ತದೆ. ದೊಡ್ಡ ಝಿಪ್ ಫೈಲ್‌ಗಳ ಒಳಗಿನ ಹಿಂದಿನ ಫೈಲ್‌ಗಳೂ ಸಿಗುವ ಸಾಧ್ಯತೆ ಇದೆ. ಆನ್‌ಲೈನ್ ಕೀ ಬಿದ್ದಿದ್ದರೂ ಈ ದಾರಿ ನಡೆಯುತ್ತದೆ. ಮದುವೆ ವಿಡಿಯೊ ಹೋಯ್ತು ಅಂತ ಅಳುತ್ತಾ ಕೂತವರ ಮುಂದೆ ಅದು ಓಡೋಕೆ ಶುರುವಾದಾಗ ನನಗಾಗುವ ಖುಷಿ ಬೇರೆ ಯಾವ ರಿಪೇರಿಯಲ್ಲೂ ಆಗಲ್ಲ.

ಅದಕ್ಕೇ ಫಾರ್ಮ್ಯಾಟ್ ಹೊಡೆಸಬೇಡಿ ಅಂತ ಇಷ್ಟು ಒತ್ತಿ ಹೇಳ್ತಿರೋದು. ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ಎಲ್ಲ ಕಾಯಿಲೆಗೂ ಫಾರ್ಮ್ಯಾಟ್ ಒಂದೇ ಮದ್ದು. ಐಡಿ, ರೀಡ್‌ಮಿ, ಬೀಗ ಬಿದ್ದ ಫೈಲ್‌ಗಳು ಎಲ್ಲ ಅಳಿಸಿಹೋದ ಮೇಲೆ ನಾಳೆ ಕೀಲಿ ಸಿಕ್ಕರೂ ತೆಗೆಯೋಕೆ ಏನೂ ಉಳಿದಿರಲ್ಲ.

ಫೈಲ್ ಹೆಸರು ಬದಲಾಗ್ತಾ ಇರೋದು ಕಂಡ ಕ್ಷಣ ನೆಟ್ ಕೇಬಲ್ ಕಿತ್ತು ಕಂಪ್ಯೂಟರ್ ಆಫ್ ಮಾಡಿ. ಇನ್ನೂ ಮುಟ್ಟದ ಫೈಲ್‌ಗಳಾದರೂ ಉಳಿಯುತ್ತವೆ. ಗಾಬರಿಯಲ್ಲಿ ಪೆನ್‌ಡ್ರೈವನ್ನೋ ಬ್ಯಾಕಪ್ ಇರುವ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕನ್ನೋ ಚುಚ್ಚಬೇಡಿ, ಆ ಐದು ನಿಮಿಷದ ಟಾಸ್ಕ್ ಮತ್ತೆ ಎದ್ದು ಅದನ್ನೂ ನುಂಗುತ್ತದೆ. ಯಾವಾಗಲೂ ಸಿಸ್ಟಮ್‌ಗೆ ಚುಚ್ಚಿಕೊಂಡೇ ಇರುವ ಹಾರ್ಡ್‌ಡಿಸ್ಕ್ ಬ್ಯಾಕಪ್ ಅಲ್ಲ. ಕಾಪಿ ಆದ ಕೂಡಲೇ ಬಿಚ್ಚಿ ಬೀರುವಿನಲ್ಲಿ ಇಡಿ. ಸಾಧ್ಯ ಆದರೆ ಎರಡು ಇಡಿ, ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತೇ ಇರಲ್ಲ. ಈ ಡಿಜೆವಿಯು ಜೊತೆಗೆ ತುಂಬಾ ಸಲ ಅಝೋರಲ್ಟ್, ವಿಡಾರ್ ಥರದ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮ್ ಕೂಡ ಬರುತ್ತದೆ. ಬ್ರೌಸರ್‌ನಲ್ಲಿ ಸೇವ್ ಮಾಡಿಟ್ಟ ಬ್ಯಾಂಕು, ಜಿಮೇಲ್, ಫೇಸ್‌ಬುಕ್ ಪಾಸ್‌ವರ್ಡ್‌ಗಳು ಆಗಲೇ ಹೊರಗೆ ಹೋಗಿವೆ ಅಂತಲೇ ಲೆಕ್ಕ ಹಾಕಿ. ಅದೇ ಕಂಪ್ಯೂಟರಿಂದ ಅಲ್ಲ, ನಿಮ್ಮ ಫೋನಿಂದ ಎಲ್ಲ ಪಾಸ್‌ವರ್ಡ್ ಬದಲಾಯಿಸಿ. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ ಒಂದು ದೂರು ಕೊಡಿ. ಬ್ಯಾಂಕ್ ಖಾತೆಯಿಂದ ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಯೂಟ್ಯೂಬ್ ನೋಡಿ ಸಿಕ್ಕ ಸಿಕ್ಕ ಡಿಕ್ರಿಪ್ಟರ್ ಇಳಿಸಬೇಡಿ. 2020ರಲ್ಲಿ ಡಿಜೆವಿಯು ಡಿಕ್ರಿಪ್ಟರ್ ಅಂತಲೇ ಹೆಸರಿಟ್ಟುಕೊಂಡು ಝೊರಾಬ್ ಅನ್ನೋ ಇನ್ನೊಂದು ರಾನ್ಸಮ್‌ವೇರ್ ಬಂದಿತ್ತು. ಅಳುತ್ತಿದ್ದವರ ಫೈಲಿಗೇ ಎರಡನೇ ಬೀಗ ಹಾಕಿತು. ಎಷ್ಟು ಕ್ರೂರ ನೋಡಿ. ಎಮ್ಸಿಸಾಫ್ಟ್‌ನವರ ಸ್ವಂತ ಸೈಟು, ಇಲ್ಲವೇ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಡಚ್ ಪೊಲೀಸರು ಕೈಜೋಡಿಸಿ 2016ರಲ್ಲಿ ಶುರು ಮಾಡಿದ ನೋ ಮೋರ್ ರಾನ್ಸಮ್ ಸೈಟು, ಇವೆರಡು ಸಾಕು. ಆನ್‌ಲೈನ್ ಕೀಯನ್ನೂ ನಾವು ತೆಗೆಯುತ್ತೇವೆ, ಇಷ್ಟು ಸಾವಿರ ಕೊಡಿ ಅನ್ನುವ ಡೇಟಾ ರಿಕವರಿಯವರನ್ನು ನಂಬಬೇಡಿ. ಅವರು ಹಿಂದಿನಿಂದ ಆ ಕಳ್ಳರಿಗೇ ದುಡ್ಡು ಕೊಟ್ಟು ಕೀಲಿ ತರುವುದೂ ಉಂಟು.

ಕಂಪ್ಯೂಟರ್ ಮತ್ತೆ ಬೇಕೇ ಬೇಕು ಅಂದರೆ ಹಾರ್ಡ್‌ಡಿಸ್ಕ್ ಬಿಚ್ಚಿಸಿ ಪಕ್ಕಕ್ಕಿಡಿ, ಹೊಸದೊಂದು ಎಸ್‌ಎಸ್‌ಡಿ ಹಾಕಿಸಿ ಅದರಲ್ಲಿ ವಿಂಡೋಸ್ ಹಾಕಿಸಿ. ಹಳೆಯ ಡಿಸ್ಕಿನ ಮೇಲೆ ತಾರೀಖು ಮತ್ತು ಆ ನಾಲ್ಕು ಅಕ್ಷರಗಳನ್ನು ಬರೆದು ಅಂಟಿಸಿ. ನಿಮ್ಮದು ಆಫ್‌ಲೈನ್ ಐಡಿ ಆಗಿದ್ದು ಇವತ್ತು ಟೂಲ್ ಕೈಕೊಟ್ಟರೆ, ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ಓಡಿಸಿ ನೋಡಿ. ಅವರ ಪಟ್ಟಿಗೆ ಆಮೇಲೆ ಸೇರಿದ ಕೀಲಿಗಳೂ ಇವೆ.